ಇಲ್ಲು, ಮನೆ, ಹೂಸ್

ನಮ್ಮ ಮಧುಗಿರಿಯೂ ಒಂದು ಜಿಲ್ಲೆ. ನಗಬೇಡಿ. ಕಂದಾಯ ಇಲಾಖೆಯವರ ಪುಸ್ತಕದಲ್ಲಿ ಅಲ್ಲ, ಶಿಕ್ಷಣ ಇಲಾಖೆಯವರ ಪುಸ್ತಕದಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪೇಪರಿನಲ್ಲಿ ನಮ್ಮ ಜಿಲ್ಲೆಯ ಹೆಸರು ಮೈಸೂರು, ಮಂಡ್ಯಗಳ ಸಾಲಿನಲ್ಲಿ ನಿಂತಿರುತ್ತದೆ. ಮಾರನೇ ದಿನದಿಂದ ನಾವು ಮತ್ತೆ ತುಮಕೂರಿನವರು. ಇದನ್ನು ಪೂರ್ತಿ ಜಿಲ್ಲೆ ಮಾಡಿ ಎಂಬ ಕೂಗು ಹಳೆಯದು. ಆ ತಂಟೆ ನನಗೆ ಬೇಡ. ಈ ಪ್ರಾಂತ್ಯದ ಎಲ್ಲೆಯನ್ನು ನಾನು ಸರ್ವೆ ಕಲ್ಲಿನಿಂದ ಗುರುತಿಸುವವನಲ್ಲ. ಜನ ತಮ್ಮ ಮನೆಗೆ ಏನೆನ್ನುತ್ತಾರೆ ಅನ್ನುವುದರಿಂದ ಗುರುತಿಸುವವನು.

ಕೊರಟಗೆರೆಯಲ್ಲಿ ಬಸ್ಸು ಹತ್ತಿ ಉತ್ತರಕ್ಕೆ ಹೊರಡಿ. ಮಧುಗಿರಿಯ ತನಕ ಫೋನಿನಲ್ಲಿ ಮಾತಾಡುವವರೆಲ್ಲ ‘ಮನೇಗೆ ಬರ್ತಾ ಇದೀನಿ’ ಎನ್ನುತ್ತಿರುತ್ತಾರೆ. ಮಿಡಿಗೇಶಿ ದಾಟಿ ಪಾವಗಡದ ದಿಕ್ಕಿಗೆ ಬಸ್ಸು ಹೊರಳಿತೋ, ಹಿಂದಿನ ಸೀಟಿನಿಂದ ‘ಇಂಟಿಕೊಸ್ತುನ್ನಾ’ ಶುರುವಾಗುತ್ತದೆ. ಕಂಡಕ್ಟರು ಎರಡಕ್ಕೂ ಒಂದೇ ಟಿಕೆಟ್ಟು ಹರಿಯುತ್ತಾನೆ. ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ ಇರುವುದು. ಅಲ್ಲಿ ಪಹಣಿ ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ.

ನಮ್ಮ ಸೋದರತ್ತೆಯನ್ನು ಕೊಟ್ಟದ್ದು ಆ ಕಡೆಗೆ. ಹಿಂದೆ ಅಲ್ಲಿಗೆ ಮನೆ ಇಲ್ಲದವರ ಪಟ್ಟಿ ಮಾಡಲು ಬಂದಿದ್ದ ಒಬ್ಬ ಗುಮಾಸ್ತನ ಕಥೆಯನ್ನು ಅತ್ತೆ ಹೇಳುತ್ತಾರೆ. ಆತ ದಕ್ಷಿಣದವನು, ತೆಲುಗಿನ ಗಾಳಿಯೂ ಬಡಿದವನಲ್ಲ. ‘ಮನೆ ಇದೆಯೇನ್ರೀ?’ ಎಂದು ಕೇಳಿದರೆ ಮುದುಕಪ್ಪ ‘ಇಲ್ಲು… ಉಂದಿ ಸಾಮೀ’, ಅಂದರೆ ಮನೆ ಇದೆ ಸ್ವಾಮಿ, ಅಂದನಂತೆ. ಗುಮಾಸ್ತನ ಕಿವಿಗೆ ಮೊದಲ ಶಬ್ದವೇ ಸಾಕಾಯಿತು. ‘ಇಲ್ಲ’ ಎಂದು ಬರೆದುಕೊಂಡು ಮುಂದಕ್ಕೆ ಹೋದ. ಮುದುಕಪ್ಪನಿಗೆ ಇದ್ದ ಮನೆಯ ಜೊತೆಗೆ ಇನ್ನೊಂದು ಮಂಜೂರಾಯಿತು. ಇದು ನಡೆದದ್ದೋ ಅತ್ತೆ ಕಟ್ಟಿದ್ದೋ ಎಂದು ನಾನು ಕೆದಕಿಲ್ಲ. ಅತ್ತೆಯ ಕಥೆಗಳಿಗೆ ದಾಖಲೆ ಕೇಳಿದವರಿಗೆ ಅವರ ಮನೆಯಲ್ಲಿ ಎರಡನೇ ಸಲ ಕಾಫಿ ಹುಟ್ಟುವುದಿಲ್ಲ.

ಪದಗಳ ವಂಶಾವಳಿ ನೋಡುವ ಪಂಡಿತರನ್ನು ಕೇಳಿದರೆ, ಇಲ್ಲು ಎನ್ನುವುದಕ್ಕೂ ನಮ್ಮ ಇಲ್ಲ ಎನ್ನುವುದಕ್ಕೂ ನೆಂಟಸ್ತಿಕೆ ಇಲ್ಲ. ಎರಡೂ ಬೇರೆ ಬೇರೆ ಬೇರಿನವು. ತೆಲುಗಿನ ಇಲ್ಲು, ತುಳುವಿನ ಇಲ್ಲ್, ಮಲಯಾಳದ ಇಲ್ಲಂ ಒಂದೇ ಬಳಗ. ಕನ್ನಡದ ಮನೆ, ಕೊಡವರ ಮನೆ, ಬಡಗರ ಮನೆ, ನಂಬೂದಿರಿಗಳ ಮನ ಇನ್ನೊಂದು ಬಳಗ. ತಮಿಳರು ಎರಡನ್ನೂ ಇಟ್ಟುಕೊಂಡು, ಸಾಲದು ಎಂದು ವೀಡು ಎಂಬ ಮೂರನೆಯದನ್ನೂ ಮುಂಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದಾರೆ. ಈ ವೀಡು ನಮ್ಮ ಬೀಡಿನ ಒಡಹುಟ್ಟು. ಅದರ ಹುಟ್ಟು ‘ಬಿಡು’ ಎಂಬ ಧಾತುವಿನಲ್ಲಿ, ಹಾಗಾಗಿ ಹಳೆಯ ತಮಿಳಿನಲ್ಲಿ ವೀಡು ಎಂದರೆ ಮೋಕ್ಷವೂ ಹೌದು. ಬ್ಯಾಂಕಿನ ಗೃಹಸಾಲದ ಕೊನೆಯ ಕಂತು ಕಟ್ಟಿ ಬಂದವರಿಗೆ ಮನೆಗೂ ಮೋಕ್ಷಕ್ಕೂ ಒಂದೇ ಶಬ್ದ ಏಕಿದೆ ಎಂದು ವಿವರಿಸಬೇಕಾಗಿಲ್ಲ.

ನಮ್ಮ ‘ಮನೆ’ಯ ಬೇರು ಇನ್ನೂ ಸ್ವಾರಸ್ಯದ್ದು. ತಮಿಳಿನಲ್ಲಿ ‘ಮನ್ನು’ ಎಂದರೆ ನೆಲೆನಿಲ್ಲು. ತೆಲುಗಿನಲ್ಲಿ ‘ಮನು’ ಎಂದರೆ ಬದುಕು, ‘ಮನುಗಡ’ ಎಂದರೆ ಬಾಳುವೆ. ಇವನ್ನೂ ಮನೆಯನ್ನೂ ಒಂದೇ ಬುಡಕ್ಕೆ ಸೇರಿಸುವವರಿದ್ದಾರೆ. ಅವರ ಮಾತು ನಂಬಿದರೆ ಪಾವಗಡದವರು ಕ್ರಿಯಾಪದ ಇಟ್ಟುಕೊಂಡರು, ಮಧುಗಿರಿಯವರು ನಾಮಪದ ಇಟ್ಟುಕೊಂಡರು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬನಿಗೆ ಎತ್ತು, ಒಬ್ಬನಿಗೆ ಗಾಡಿ ಬಂದ ಹಾಗೆ.

ಬೀಗರ ಮನೆಗಳ ನಡುವಿನ ನಿಜವಾದ ವ್ಯತ್ಯಾಸ ತಿಳಿಯುವುದು ಹೆಣ್ಣುಮಕ್ಕಳ ಮಾತಿನಲ್ಲಿ. ನಮ್ಮಲ್ಲಿ ಹುಡುಗಿಗೆ ಹುಟ್ಟಿದ ಮನೆ, ಕೊಟ್ಟ ಮನೆ. ತೆಲುಗಿನವರಿಗೆ ಪುಟ್ಟಿಲ್ಲು, ಮೆಟ್ಟಿನಿಲ್ಲು. ಅಂದರೆ ಹುಟ್ಟಿದ ಮನೆ ಮತ್ತು ಕಾಲಿಟ್ಟ ಮನೆ. ‘ನಮ್ಮಪ್ಪ ನನ್ನನ್ನ ಕೊಟ್ಟೆ ಅಂದ್ಕೊಂಡಿದಾನೆ, ಇಲ್ಲಿಯವರ ಪ್ರಕಾರ ನಾನೇ ಮೆಟ್ಟಿ ಬಂದಿದೀನಿ’ ಎಂದು ಅತ್ತೆ ನಗುತ್ತಾರೆ. ವ್ಯಾಕರಣದಲ್ಲಿ ಸಿಕ್ಕ ಈ ಮೇಲುಗೈಯನ್ನು ಅವರು ಸಂಸಾರದಲ್ಲೂ ಪೂರ್ತಿ ಬಳಸಿಕೊಂಡಿದ್ದಾರೆ ಎನ್ನುವುದಕ್ಕೆ ನಮ್ಮ ಮಾವ ಸಾಕ್ಷಿ. ಬೈಗುಳದಲ್ಲೂ ಅಷ್ಟೇ. ನಮ್ಮ ಕಡೆ ಸಿಟ್ಟು ಬಂದರೆ ‘ನಿನ್ ಮನೆ ಎಕ್ಕುಟ್ಟೋಗ’ ಎನ್ನುತ್ತೇವೆ. ಅವರು ‘ನೀ ಇಲ್ಲು ಬಂಗಾರಂ ಕಾನು’, ನಿನ್ನ ಮನೆ ಬಂಗಾರವಾಗಲಿ ಎನ್ನುತ್ತಾರೆ. ಎರಡರ ಹಿಂದಿನ ಸಿಟ್ಟೂ ಒಂದೇ ತೂಕದ್ದು. ಆದರೂ ಬೈಸಿಕೊಳ್ಳುವ ಯೋಗವೇ ಇದ್ದರೆ ನಾನು ಪಾವಗಡದಲ್ಲಿ ಬೈಸಿಕೊಳ್ಳಲು ಇಷ್ಟಪಡುತ್ತೇನೆ.

ಇದೆಲ್ಲ ತಲೆಗೆ ಹೊಕ್ಕಿದ್ದು ಅಣ್ಣನ ಮಗಳಿಂದ. ಅವಳು ಇರುವುದು ಜರ್ಮನಿಯಲ್ಲಿ. ‘ಚಿಕ್ಕಪ್ಪ, ಇಲ್ಲಿ ಮನೆಗೆ ಹೌಸ್ ಅಂತಾರೆ, ಇಂಗ್ಲಿಷಿನ ಥರಾನೇ. ಆದ್ರೆ ಸ್ವೀಡನ್ನು, ಡೆನ್ಮಾರ್ಕು, ಐಸ್‌ಲ್ಯಾಂಡಿನ ಕಡೆ ಏನಂತಾರೆ ಅನ್ನೋದನ್ನ ಅಜ್ಜಿ ಮುಂದೆ ಹೇಳೋ ಹಾಗಿಲ್ಲ’ ಅಂದಳು. ಹೇಳಿಸಿದೆ. ಹೆಚ್ಚುಕಡಿಮೆ ‘ಹೂಸ್’. ಫೋನಿನ ಸ್ಪೀಕರ್ ಆನ್ ಇತ್ತು. ಅಮ್ಮ ಅಡುಗೆಮನೆಯಿಂದ ‘ಥೂ, ಏನು ಮಾತಾಡ್ತೀರೋ!’ ಎಂದು ಕೂಗಿದರು.

ಅಮ್ಮ ಮೂಗು ಮುಚ್ಚಿಕೊಂಡರೂ ಚರಿತ್ರೆ ಬದಲಾಗುವುದಿಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲಿಷರ ಬಾಯಲ್ಲೂ ಮನೆ ಹೂಸ್ ಆಗಿಯೇ ಇತ್ತು. ಹದಿನೈದನೇ ಶತಮಾನದಿಂದೀಚೆಗೆ ಅವರ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದಾಗ ಊ ಹೋಗಿ ಔ ಬಂತು. ಸ್ಕಾಟ್‌ಲ್ಯಾಂಡಿನ ಆಡುಮಾತಿನಲ್ಲಿ ಈಗಲೂ ಹಳೆಯದೇ ನಡೆಯುತ್ತಿದೆ. ಆ ಭಾಷಾಕುಟುಂಬದ ಬಹಳ ಹಳೆಯ ಬರಹ ಎಂದರೆ ನಾಲ್ಕನೇ ಶತಮಾನದಲ್ಲಿ ಗಾಥಿಕ್ ಭಾಷೆಗೆ ಇಳಿದ ಬೈಬಲ್ಲು. ಅಲ್ಲಿ ಈ ಶಬ್ದ ಸಿಗುವುದು ‘ಗುದ್‌ಹೂಸ್’ ಎಂಬ ಜೋಡುಪದದಲ್ಲಿ. ದೇವರ ಮನೆ, ಅಂದರೆ ಗುಡಿ ಎಂದು ಅರ್ಥ. ಜನ ವಾಸಿಸುವ ಮನೆಗೆ ಆ ಭಾಷೆಯಲ್ಲಿ ಬೇರೆ ಶಬ್ದವೇ ಇತ್ತು. ಹೂಸ್ ಎಲ್ಲಿಂದ ಬಂತು ಅನ್ನುವುದನ್ನು ವಿದ್ವಾಂಸರು ಇನ್ನೂ ಗಟ್ಟಿ ಮಾಡಿಲ್ಲ. ಮುಚ್ಚು, ಅಡಗಿಸು ಎಂಬರ್ಥದ ಒಂದು ಪ್ರಾಚೀನ ಧಾತುವಿನ ಕಡೆಗೆ ಹಲವರು ಕೈ ತೋರುತ್ತಾರೆ. ಹಿಮ ಬೀಳುವ ಸೀಮೆಯವರಿಗೆ ಮನೆ ಎಂದರೆ ಮೊದಲು ಮೈ ಮುಚ್ಚುವ ಜಾಗ ಇದ್ದೀತು.

ಕನ್ನಡಿಗರಿಗೂ ಈ ಹೂಸ್‌ಗೂ ಒಂದು ಋಣಾನುಬಂಧ ಇದೆ. ಕನ್ನಡದ ಮಹಾನಿಘಂಟು ಕಟ್ಟಿದ ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾದಲ್ಲಿ. ಅಲ್ಲಿಯ ಹಳ್ಳಿಗರ ಮಾತಿನಲ್ಲಿ ಮನೆ ಹೌಸ್ ಅಲ್ಲ, ಹೂಸ್. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಈ ಕಡೆ ಬಂದವರು ಸುಮಾರು 70,000 ಶಬ್ದ ಕೂಡಿಹಾಕಿ 1894ರಲ್ಲಿ ಮಂಗಳೂರಿನಿಂದ ಆ ಗ್ರಂಥ ಹೊರತಂದರು. ಹ ಅಕ್ಷರಕ್ಕೆ ಬಂದು, ಊ ದೀರ್ಘಕ್ಕೆ ಬಂದು, ನಮ್ಮ ಹೂಸು ಎದುರಾದಾಗ ಆ ಗಂಭೀರ ಗಡ್ಡದೊಳಗೆ ಒಂದು ನಗು ಸುಳಿದಿರಬೇಕು ಎನ್ನುವುದು ನನ್ನ ಊಹೆ. ಊಹೆಗೆ ದಾಖಲೆ ಕೇಳಬೇಡಿ, ನಾನೂ ಅತ್ತೆಯ ಮನೆತನದವನೇ. ಅದೇ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ‘ಮನೆ’ ಎಂಬ ಶಬ್ದಕ್ಕೆ ಅರ್ಥ ಬರೆದುಕೊಟ್ಟವರೂ ಅವರೇ, ಮನೆಯ ತಲೆಗೆ ಹೆಂಚು ಕೊಟ್ಟವರೂ ಅವರೇ.

ಆದರೆ ನಮ್ಮ ನಾಲ್ಕು ತಾಲ್ಲೂಕಿನ ಹಳೆಯ ಮನೆಗಳಿಗೆ ಮಂಗಳೂರು ಹೆಂಚು ಬಂದದ್ದು ತಡವಾಗಿ. ಬಂಡೆಯ ಸೀಮೆಯಾದ ಮಧುಗಿರಿ, ಕೊರಟಗೆರೆಯಲ್ಲಿ ಕಲ್ಲುಚಪ್ಪಡಿಯ ಮನೆ. ಶಿರಾ, ಪಾವಗಡದ ಬಯಲಲ್ಲಿ ಮಾಳಿಗೆ ಮನೆ, ತೆಲುಗಿನವರ ಬಾಯಲ್ಲಿ ಮಿದ್ದೆ. ಅತ್ತೆಯ ಮನೆ ಮಿದ್ದೆಯೇ. ದಪ್ಪ ಮಣ್ಣಿನ ಗೋಡೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ, ಅದರ ಮೇಲೆ ಸೊಪ್ಪುಸದೆ, ಮಣ್ಣು, ಎಲ್ಲದರ ಮೇಲೆ ಕರಲುಮಣ್ಣು. ಬೆಳೆಗೆ ಬಾರದ ಚೌಳುನೆಲದ ಈ ಬಿಳಿಚು ಮಣ್ಣು ಒಮ್ಮೆ ನೆನೆದು ಹದವಾಗಿ ಕೂತರೆ ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಹೊಲದಲ್ಲಿದ್ದರೆ ಶಾಪ, ಮಾಳಿಗೆಯ ಮೇಲಿದ್ದರೆ ವರ. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಕರಲು ತಂದು ಮೇಲೆ ಹರಡುವುದು ಆ ಕಡೆಯ ವಾಡಿಕೆ.

ಆ ಮಾಳಿಗೆಯ ನಡುವೆ ಒಂದು ಗವಾಕ್ಷಿ. ಗೋಡೆಗೆ ಕಿಟಕಿ ಇಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಬೆಳಕು, ಗಾಳಿ, ಒಲೆಯ ಹೊಗೆ ಮೂರಕ್ಕೂ ಅದೊಂದೇ ದಾರಿ. ಅಲ್ಲಿಂದ ಬೀಳುವ ತಟ್ಟೆಯಗಲದ ಬಿಸಿಲು ಬೆಳಗ್ಗೆ ರಾಗಿಯ ವಾಡೆಯ ಮೇಲಿರುತ್ತದೆ, ನಿಧಾನವಾಗಿ ಗೋಡೆ ಇಳಿದು ನಡುಮನೆ ದಾಟುತ್ತದೆ. ಅದು ಒರಳುಕಲ್ಲು ಮುಟ್ಟಿದರೆ ಅತ್ತೆ ಮುದ್ದೆಗೆ ಎಸರಿಡುತ್ತಾರೆ. ಗೋಡೆಗಡಿಯಾರ ಇದೆ. ಅದು ಮಾವನ ಸಮಾಧಾನಕ್ಕೆ. ನಾಲ್ಕು ಹನಿ ಬಿದ್ದರೆ ಸಾಕು, ಯಾರಾದರೂ ಮೇಲೆ ಓಡಿ ಹಳೆಯ ಬಾಂಡ್ಲಿ ಕವುಚಬೇಕು. ಪಾವಗಡದಲ್ಲಿ ಈ ಓಟಕ್ಕೆ ವರ್ಷದಲ್ಲಿ ಹೆಚ್ಚು ಅವಕಾಶ ಸಿಗುವುದಿಲ್ಲ ಎನ್ನುವುದು ಬೇರೆ ದುಃಖ.

ಗವಾಕ್ಷ ಎಂದರೆ ಸಂಸ್ಕೃತದಲ್ಲಿ ಗೋವಿನ ಕಣ್ಣು. ಇಂಗ್ಲಿಷಿನ ವಿಂಡೋ ಹುಟ್ಟಿದ್ದು ಹಳೆಯ ನಾರ್ಸ್ ಭಾಷೆಯ ‘ವಿಂಡ್‌ಔಗ’ದಿಂದ, ಅಂದರೆ ಗಾಳಿಗಣ್ಣು. ಗಾಥಿಕ್ಕಿನಲ್ಲಿ ಅದು ಕಣ್ಣುಬಾಗಿಲು. ಗೋಡೆಯಲ್ಲೋ ಮಾಳಿಗೆಯಲ್ಲೋ ತೂತು ಕೊರೆದ ಕೂಡಲೇ ಮನುಷ್ಯನಿಗೆ ಕಣ್ಣೇ ನೆನಪಾಗುತ್ತದೆಂದು ಕಾಣುತ್ತದೆ.

ಜರ್ಮನಿಕ್ ಭಾಷೆಗಳಿಗೂ ಸಂಸ್ಕೃತಕ್ಕೂ ದೂರದ ರಕ್ತಸಂಬಂಧ ಇರುವುದರಿಂದ ಇಂಥ ನೆಂಟರು ಅನಿರೀಕ್ಷಿತವಾಗಿ ಸಿಗುತ್ತಾರೆ. ಇಂಗ್ಲಿಷಿನ ಹೋಮ್, ಜರ್ಮನ್ನಿನ ಹೈಮ್ ಇವುಗಳ ಹುಟ್ಟು ನೆಲಸು ಎಂಬರ್ಥದ ಧಾತುವಿನಲ್ಲಿ. ನಮ್ಮ ‘ಕ್ಷೇಮ’ದ ಬೇರೂ ಅದೇ. ಇನ್‌ಲ್ಯಾಂಡ್ ಲೆಟರಿನ ಕಾಲದಲ್ಲಿ ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು’ ಎಂದು ಬರೆಯುತ್ತಿದ್ದ ನಮ್ಮ ತಾತ ಪ್ರತಿ ಪತ್ರದಲ್ಲೂ ಎರಡೆರಡು ಸಲ ಮನೆಯನ್ನೇ ಅಂಚೆಗೆ ಹಾಕುತ್ತಿದ್ದರು. ಇನ್ನು ದಂಪತಿ. ಲಗ್ನಪತ್ರಿಕೆಯಲ್ಲಿ ಕಾಣುವ ಈ ಶಬ್ದದ ‘ದಂ’ ಎಂದರೆ ವೇದದ ಭಾಷೆಯಲ್ಲಿ ಮನೆ, ಮನೆಗೆ ಒಡೆಯರಾದವರು ದಂಪತಿ. ಇದೇ ಜೋಡಿ ಗ್ರೀಕಿನಲ್ಲಿ ಡೆಸ್ಪೊಟೆಸ್ ಆಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಡೆಸ್ಪಾಟ್, ಅಂದರೆ ಸರ್ವಾಧಿಕಾರಿ ಆಯಿತು. ಮದುವೆಯಾಗಿ ಕೆಲವು ವರ್ಷ ಕಳೆದವರು ಈ ವ್ಯುತ್ಪತ್ತಿಯನ್ನು ತಕ್ಷಣ ಒಪ್ಪುತ್ತಾರೆ. ಇಬ್ಬರಲ್ಲಿ ಯಾರು ಎನ್ನುವುದರಲ್ಲಷ್ಟೇ ಭಿನ್ನಾಭಿಪ್ರಾಯ. ಇಂಗ್ಲಿಷಿನ ಹಸ್ಬೆಂಡ್ ಕೂಡ ನಾರ್ಸ್‌ನ ‘ಹೂಸ್‌ಬೋಂಡಿ’. ಹೂಸ್ ಗೊತ್ತಾಯಿತಲ್ಲ, ಬೋಂಡಿ ಎಂದರೆ ನೆಲೆಯೂರಿ ಉಳುಮೆ ಮಾಡುವವನು. ನಮ್ಮಲ್ಲೂ ಒಕ್ಕಲು ಎಂದರೆ ಮನೆಯಲ್ಲಿ ನೆಲೆಸುವುದು, ಒಕ್ಕಲಿಗ ಎಂದರೆ ನೆಲೆನಿಂತು ಬೇಸಾಯ ಮಾಡುವವನು. ಗೃಹಪ್ರವೇಶಕ್ಕೆ ನಮ್ಮ ಹಳ್ಳಿಗರು ಇಂದಿಗೂ ಹೇಳುವುದು ‘ಮನೆ ಒಕ್ಕಲು’. ಹಾಗಾಗಿ ಕೊರಟಗೆರೆಯ ಯಾವ ಹೊಲಕ್ಕೆ ಹೋದರೂ ಒಂದಷ್ಟು ಹೂಸ್‌ಬೋಂಡಿಗಳು ಸಿಗುತ್ತಾರೆ. ಎದುರಿಗೆ ಹಾಗೆ ಕರೆಯಬೇಡಿ.

ಅಣ್ಣನ ಮಗಳ ಇನ್ನೊಂದು ಗೋಳು ಬಾಡಿಗೆಯದು. ಅಲ್ಲಿ ಮನೆಯನ್ನು ತ್ಸಿಮ್ಮರ್ ಎಂಬ ಲೆಕ್ಕದಲ್ಲಿ ಕೊಡುತ್ತಾರಂತೆ. ತ್ಸಿಮ್ಮರ್ ಎಂದರೆ ಕೋಣೆ, ಇಂಗ್ಲಿಷಿನ ಟಿಂಬರಿನ ಸೋದರ. ಮರದಲ್ಲಿ ಕಟ್ಟಿದ್ದೇ ಕೋಣೆಯಾಗಿದ್ದ ಕಾಲದ ಪಳೆಯುಳಿಕೆ. ಎರಡು ತ್ಸಿಮ್ಮರ್ ಎಂದರೆ ಎರಡು ಕೋಣೆ, ಆ ಎಣಿಕೆಯಲ್ಲಿ ಅಡುಗೆಯ ಜಾಗ, ಸ್ನಾನದ ಜಾಗ ಸೇರುವುದಿಲ್ಲ. ‘ಅಡುಗೆಮನೇನ ಲೆಕ್ಕಕ್ಕೇ ಇಟ್ಕೊಳಲ್ಲ ಚಿಕ್ಕಪ್ಪ!’ ನಮ್ಮಲ್ಲಿ ಅಡುಗೆಮನೆಯೇ ಒಂದು ಮನೆ. ಬಚ್ಚಲುಮನೆ ಒಂದು ಮನೆ, ದೇವರಮನೆ ಒಂದು ಮನೆ, ನಡುಮನೆ ಇನ್ನೊಂದು. ಬಡವನ ಒಂದು ಮನೆಯೊಳಗೆ ನಾಲ್ಕು ಮನೆ ಇರುತ್ತವೆ. ಚೌಕಾಬಾರದಲ್ಲಿ ಸೀಮೆಸುಣ್ಣದ ಗೆರೆಗಳ ನಡುವಿನ ಒಂದೊಂದು ಚೌಕವೂ ಮನೆಯೇ. ಮನೆಯಿಂದ ಮನೆಗೆ ನಡೆದೂ ನಡೆದೂ ಕಾಯಿ ಹಣ್ಣಾಗಬೇಕು. ಹೆಂಡತಿ ಗಂಡನನ್ನು ‘ನಮ್ಮನೆಯೋರು’ ಎಂದರೆ, ಗಂಡ ಹೆಂಡತಿಯನ್ನು ‘ಮನೇಲಿ ಕೇಳಿ ಹೇಳ್ತೀನಿ’ ಎಂಬಲ್ಲಿಗೆ ಒಯ್ದು ಕೂರಿಸುತ್ತಾನೆ. ಗೋಡೆ ಮಾಡು ಇರುವ ವಸ್ತುವಿಗೆ ಈ ಶಬ್ದ ಉಪಯೋಗವಾಗುವುದೇ ಕಡಿಮೆ. ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಹುಡುಗರು ಪೀಣ್ಯದಲ್ಲಿ ಹೆಂಡತಿ ಮಕ್ಕಳೊಂದಿಗೆ ಎಷ್ಟೇ ವರ್ಷದಿಂದ ಇರಲಿ, ಅದು ‘ರೂಮು’. ಬೀಗ ಹಾಕಿ ಊರಲ್ಲಿ ಬಿಟ್ಟುಬಂದದ್ದು ‘ಮನೆ’.

ಶಿರಾದ ಲೆಕ್ಕ ನೋಡಿ. 1687ರಲ್ಲಿ ಮೊಗಲರ ಕೈಸೇರಿ ಆ ಊರು ಒಂದು ಸುಬಾದ ರಾಜಧಾನಿಯಾಯಿತು. ಹದಿನೆಂಟನೇ ಶತಮಾನದಲ್ಲಿ ದಿಲಾವರ್ ಖಾನನ ಕಾಲಕ್ಕೆ ಅಲ್ಲಿ 50,000 ಮನೆ ಇದ್ದುವಂತೆ ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಪೇಟೆ ತುಂಬಿಸಲು ಶಿರಾದಿಂದ ಬಲವಂತವಾಗಿ ಎಬ್ಬಿಸಿ ಒಯ್ದದ್ದು 12,000 ಸಂಸಾರಗಳನ್ನು ಎಂದೂ ಅದೇ ಹೇಳುತ್ತದೆ. ಊರು ಬೆಳೆದ ವೈಭವಕ್ಕೆ ಮನೆಗಳ ಲೆಕ್ಕ, ಊರು ಬರಿದಾದ ಸಂಕಟಕ್ಕೆ ಸಂಸಾರಗಳ ಲೆಕ್ಕ! ದಿಲಾವರ್ ಖಾನನ ಅರಮನೆ ಎಷ್ಟು ಚೆಂದ ಇತ್ತೆಂದರೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಂತೆ. ನಕಲನ್ನು ಬೆಂಗಳೂರಿನ ಕೋಟೆಯ ಬಳಿ ಟಿಕೆಟ್ಟು ಕೊಂಡು ನೋಡಬಹುದು. ಮೂಲವನ್ನು ನೋಡಲು ಗೆಜೆಟಿಯರೇ ಗತಿ. ಶಿರಾದಲ್ಲಿ ಗಟ್ಟಿಯಾಗಿ ಉಳಿದಿರುವುದು ದೇವರ ಮನೆ ಮತ್ತು ಸತ್ತವರ ಮನೆ: 1696ರ ಜುಮ್ಮಾ ಮಸೀದಿ, ಮಲಿಕ್ ರಿಹಾನನ ದರ್ಗಾ.

ಮನೆ ಎಣಿಸುವುದು ಸುಲಭವಲ್ಲ ಎನ್ನುವುದು ಜನಗಣತಿಯವರಿಗೂ ಗೊತ್ತು. ಅವರ ಪ್ರಕಾರ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಕುಟುಂಬ. ಹಳ್ಳಿಯವರು ಇದನ್ನು ದೆಹಲಿಯಿಂದ ಕಲಿಯಬೇಕಾಗಿರಲಿಲ್ಲ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ‘ಬೇರೆ ಒಲೆ ಹೂಡಿದರು’ ಎಂದರೆ ಮುಗಿಯಿತು, ಮನೆ ಎರಡಾಯಿತು.

ಶಿರಾ ತಾಲ್ಲೂಕಿನ ಕಾಡುಗೊಲ್ಲರಲ್ಲಿ ಕುರಿ ಕೂಡುವ ಜಾಗ, ಮನುಷ್ಯರು ಬಾಳುವ ಜಾಗ, ಇಡೀ ಊರು ಎಲ್ಲಕ್ಕೂ ಹಟ್ಟಿ ಎಂಬುದೊಂದೇ ಹೆಸರು. ಕಳುವರಹಳ್ಳಿಯ ಜುಂಜಪ್ಪ ಅವರ ಸಾಂಸ್ಕೃತಿಕ ವೀರ, ದನಗಾಹಿ ದೈವ. ಅವನನ್ನು ಹಾಡುವ ಕಾವ್ಯ ದೊಡ್ಡದು, ಹಟ್ಟಿಯ ನಿಯಮ ಮಾತ್ರ ಚಿಕ್ಕದಾಯಿತು: ಮುಟ್ಟಾದವರು, ಬಾಣಂತಿಯರು ಎಷ್ಟೋ ಹಟ್ಟಿಗಳಲ್ಲಿ ಎಲ್ಲೆಯಾಚೆ ಇರಬೇಕು. ಅದೇ ತಾಲ್ಲೂಕಿನ ಕಗ್ಗಲಡು ಗ್ರಾಮಕ್ಕೆ ವರ್ಷದ ಮೊದಲ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆಗಳು ಬಂದು, ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ, ರೆಕ್ಕೆ ಬಲಿತ ಮೇಲೆ ಕರೆದುಕೊಂಡು ಹೋಗುತ್ತವೆ. ಊರವರು ಅವನ್ನು ತವರಿಗೆ ಬಂದ ಮಗಳಂತೆ ನೋಡಿಕೊಳ್ಳುತ್ತಾರೆ. ಕೊಕ್ಕರೆಯ ಬಾಣಂತನಕ್ಕೆ ಊರ ನಡುವಿನ ಮರ, ಹೆಣ್ಣಿನ ಬಾಣಂತನಕ್ಕೆ ಊರಾಚೆಯ ಗುಡಿಸಲು. ಇದರಲ್ಲಿ ನಗುವಂಥದ್ದು ನನಗೇನೂ ಕಾಣುವುದಿಲ್ಲ.

ನಗಬೇಕೆಂದರೆ ಮತ್ತೆ ಪಾವಗಡಕ್ಕೇ ಹೋಗಬೇಕು. ಜ್ಯೋತಿಷಿಗಳೂ ಮನೆಗಳ ಲೆಕ್ಕದವರೇ. ಹನ್ನೆರಡು ಮನೆ ಬರೆದು ಎಂಟನೆಯದರಲ್ಲಿ ಶನಿ ಕೂತಿದ್ದಾನೆ ಎಂದು ತಲೆ ಆಡಿಸುತ್ತಾರೆ. ಎಲ್ಲರ ಮನೆಯಲ್ಲೂ ಹೀಗೆ ಬಿಟ್ಟಿ ಬಿಡಾರ ಹೂಡುವ ಶನಿಗೆ ನಮ್ಮ ಕಡೆ ಖಾಸಾ ಮನೆ ಎಂದರೆ ಪಾವಗಡದ ಶನಿಮಹಾತ್ಮ ದೇವಸ್ಥಾನ. ಪುರಾಣದ ಪ್ರಕಾರ ಅವನು ಸೂರ್ಯನ ಮಗ, ಅಪ್ಪ ಮಗನಿಗೆ ಆಗಿಬರುವುದಿಲ್ಲ. ರಾಶಿಚಕ್ರದಲ್ಲೂ ಅಪ್ಪನ ಸಿಂಹಕ್ಕೆ ನೇರ ಎದುರುಮನೆ ಮಗನ ಕುಂಭ. ಮಗ ತಳವೂರಿ ಎಷ್ಟೋ ಕಾಲದ ಮೇಲೆ, 2018ರಲ್ಲಿ, ಅಪ್ಪನೂ ಅದೇ ತಾಲ್ಲೂಕಿಗೆ ಬಂದ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ, 2,050 ಮೆಗಾವಾಟಿನ ಸೋಲಾರ್ ಪಾರ್ಕು. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಕೊಟ್ಟರು. ಹೀಗಾಗಿ ಸೂರ್ಯ ಪಾವಗಡದಲ್ಲಿ ಬಾಡಿಗೆದಾರ, ಮಗ ಸ್ವಂತ ಮನೆಯವನು.

‘ಒಂದೇ ತಾಲ್ಲೂಕಲ್ಲಿ ಅಪ್ಪ ಮಗ ಬೇರೆ ಬೇರೆ ಒಲೆ ಹೂಡವ್ರೆ ಕಣೋ’ ಎನ್ನುತ್ತಾರೆ ಅತ್ತೆ. ಶನಿವಾರ ಪಾವಗಡದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ, ಬಂದವರೆಲ್ಲ ಎಳ್ಳೆಣ್ಣೆ ಹಿಡಿದು ಮಗನ ಮನೆಯ ಮುಂದೆಯೇ ಸಾಲು ನಿಲ್ಲುತ್ತಾರೆ. ಅಪ್ಪನ ಕಡೆಗೆ ತಲೆ ಹಾಕುವವರು ಗಾಜು ತೊಳೆಯಲು ಹೋಗುವ ಕೂಲಿಯವರು ಮಾತ್ರ.